ಕಾಗದದ ರಾಕೆಟ್ ಲಾಂಚರಿಗೆ ಯಾವ ವಾಲ್ವ್ ಹಾಕಿದ್ರೆ ಸರಿ?

ಶಿಡ್ಲಘಟ್ಟ ಟೀಚರ್

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನಕ್ಕೆ ಒಂಬತ್ತನೇ ತರಗತಿ ಮಕ್ಕಳ ಜೊತೆ ಸೇರಿ ಗಾಳಿ ಒತ್ತಡದಿಂದ ಕಾಗದದ ರಾಕೆಟ್ ಹಾರಿಸೋ ಲಾಂಚರ್ ಮಾಡಬೇಕು ಅಂತಿದ್ದೀವಿ. ನ್ಯೂಟನ್ನನ ನಿಯಮಗಳ ಪಾಠ ಆಗಿದೆ, ಲೆಕ್ಕ ಮಾಡೋಕೆ ಮಕ್ಕಳಿಗೆ ಬರುತ್ತೆ, ಆದ್ರೆ ಕಣ್ಣಾರೆ ನೋಡಿದ್ದು ಕಡಿಮೆ.

ಯೋಚನೆ ಇಷ್ಟು. ಸೈಕಲ್ ಪಂಪಿನಿಂದ ಒಂದು ಟ್ಯಾಂಕಿಗೆ ಗಾಳಿ ತುಂಬೋದು, ಟ್ಯಾಂಕ್ ಆದ್ಮೇಲೆ ಒಂದು ವಾಲ್ವ್, ವಾಲ್ವ್ ಆದ್ಮೇಲೆ ನೆಟ್ಟಗೆ ನಿಂತ ಅರ್ಧ ಇಂಚಿನ ಪೈಪ್. ಆ ಪೈಪಿನ ಮೇಲೆ ಕಾಗದದ ರಾಕೆಟ್ ಟೋಪಿ ಥರ ಕೂರುತ್ತೆ. ವಾಲ್ವ್ ತೆರೆದ ಕೂಡಲೇ ರಾಕೆಟ್ ಹಾರಬೇಕು. ಒತ್ತಡ ಕಾರಿನ ಟೈರಿನಷ್ಟು, ಅಂದ್ರೆ 30 ಪಿಎಸ್ಐ ದಾಟೋದು ನಂಗಿಷ್ಟ ಇಲ್ಲ.

ಸಿಕ್ಕಿಹಾಕ್ಕೊಂಡಿರೋದು ವಾಲ್ವ್ ವಿಷಯದಲ್ಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಲ್ ವಾಲ್ವ್ ತಗೊಳ್ಳಿ ಅಂದ್ರು. ಇನ್ನೊಬ್ಬರು ಡ್ರಿಪ್ಪಿನ ಕರೆಂಟ್ ವಾಲ್ವ್ ಅಂದ್ರು. ಮಕ್ಕಳು ದೂರ ನಿಂತು ಹಾರಿಸೋ ಹಾಗಿರಬೇಕು, ಶಿಡ್ಲಘಟ್ಟ, ಚಿಂತಾಮಣಿ ಅಥವಾ ಹೆಚ್ಚು ಅಂದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗೋ ಹಾಗಿರಬೇಕು. ಗೊತ್ತಿರೋರು ದಯವಿಟ್ಟು ಹೇಳಿ.

ಮಾಲೂರು ಪ್ಲಂಬಿಂಗ್

ಮೇಡಂ, ಒಂದು ಇಂಚಿನ ಹಿತ್ತಾಳೆ ಬಾಲ್ ವಾಲ್ವ್ ತಗೊಳ್ಳಿ, ಸಾಕು. ಕಾಲು ಸುತ್ತು ತಿರುಗಿಸಿದ್ರೆ ಪೂರ್ತಿ ತೆರೆಯುತ್ತೆ. ಕೆಟ್ಟುಹೋಗೋ ಭಾಗ ಇಲ್ಲ, ಬ್ಯಾಟರಿ ಬೇಡ, ವೈರ್ ಬೇಡ. ಕೊಳ್ಳೋವಾಗ ‘ಫುಲ್ ಬೋರ್’ ಅಂತ ಕೇಳಿ. ಇಲ್ಲಾಂದ್ರೆ ಹೊರಗೆ ಒಂದು ಇಂಚು ಇರುತ್ತೆ, ಒಳಗಿನ ಗುಂಡಿನ ತೂತು ಮುಕ್ಕಾಲು ಇಂಚು ಮಾತ್ರ ಇರುತ್ತೆ. ಟ್ಯಾಂಕ್ ಕೂಡ ನಾಲ್ಕಿಂಚಿನ ಪಿವಿಸಿಯಲ್ಲಿ ಮಾಡ್ಕೊಡ್ತೀನಿ, ಎರಡು ಎಂಡ್ ಕ್ಯಾಪ್, ಒಂದು ಎಂಟಿಎ (ಥ್ರೆಡ್ ಇರೋ ಜೋಡಣೆ), ಸಾಲ್ವೆಂಟ್ (ಪಿವಿಸಿ ಅಂಟು). ಅರ್ಧ ಗಂಟೆ ಕೆಲಸ.

ಪಾಲಿಟೆಕ್ನಿಕ್ ತುಮಕೂರು

ಮೇಡಂ, ಬಾಲ್ ವಾಲ್ವ್ ಒಳ್ಳೆಯ ವಾಲ್ವೇ. ಆದರೆ ಈ ಕೆಲಸಕ್ಕೆ ಅಲ್ಲ. ಯಾಕೆ ಅನ್ನೋದನ್ನ ಮಕ್ಕಳ ಹತ್ತಿರವೇ ಲೆಕ್ಕ ಹಾಕಿಸಬಹುದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಹೊರ ವ್ಯಾಸ ಸುಮಾರು 21 ಮಿ.ಮೀ. ಅದರ ಮೇಲೆ ಸುತ್ತಿದ ರಾಕೆಟ್ಟಿನ ಒಳಗಡೆ, ಗಾಳಿ ತಳ್ಳೋ ಜಾಗ ಸುಮಾರು 3.6 ಚದರ ಸೆಂ.ಮೀ. 30 ಪಿಎಸ್ಐ ಅಂದ್ರೆ 2 ಬಾರ್‌ಗಿಂತ ಒಂಚೂರು ಜಾಸ್ತಿ. 2 ಬಾರ್ ಅಂತಲೇ ಇಟ್ಕೊಳ್ಳಿ. ಬಲ 72 ನ್ಯೂಟನ್ ಬರುತ್ತೆ. ಕಾಗದದ ರಾಕೆಟ್ 15 ಗ್ರಾಂ ಇದ್ದರೆ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 4800 ಮೀಟರ್. ಪೈಪಿನ ಉದ್ದ ಅರ್ಧ ಮೀಟರ್ ಅಂದ್ರೆ, ಪೂರ್ತಿ ಒತ್ತಡ ಮೊದಲಿಂದಲೇ ಸಿಕ್ಕಿದ ಪಕ್ಷದಲ್ಲಿ, ರಾಕೆಟ್ ಪೈಪ್ ಬಿಟ್ಟು ಹೋಗೋಕೆ ಹಿಡಿಯೋದು ಸುಮಾರು 15 ಮಿಲಿಸೆಕೆಂಡ್.

ಈಗ ಬಾಲ್ ವಾಲ್ವ್ ಹಿಡಿಕೆಯನ್ನ ಎಷ್ಟು ಜೋರಾಗಿ ಎಳೆದರೂ ಕೈಗೆ ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ಅದು 100 ಮಿಲಿಸೆಕೆಂಡ್. ಮಕ್ಕಳ ಕೈಗೆ ಇನ್ನೂ ಜಾಸ್ತಿ. ವಾಲ್ವ್ ಕಾಲುಭಾಗ ತೆರೆಯೋ ಹೊತ್ತಿಗೆ ಸೋರಿದ ಗಾಳಿಯೇ ರಾಕೆಟ್ಟನ್ನ ಮೆಲ್ಲಗೆ ಮೇಲಕ್ಕೆ ತಳ್ಳಿ ಕಳಿಸಿಬಿಟ್ಟಿರುತ್ತೆ. ಟ್ಯಾಂಕಿನಲ್ಲಿ ಉಳಿದ ಒತ್ತಡ ಬರಿ ಶಬ್ದ ಮಾಡಿ ಖಾಲಿಯಾಗುತ್ತೆ. ಆಗ ಎಲ್ಲರೂ ಮಾಡೋದು ಏನು ಅಂದ್ರೆ, ಹಾರಲಿಲ್ಲ ಅಂತ ಒತ್ತಡ ಏರಿಸೋದು. ಅಪಾಯ ಶುರುವಾಗೋದೇ ಅಲ್ಲಿ. ವಾಲ್ವ್ ಬೇಗ ತೆರೆದರೆ 2 ಬಾರ್‌ನಲ್ಲೇ ರಾಕೆಟ್ ಶಾಲೆಯ ಮೈದಾನ ದಾಟುತ್ತೆ. ನಿಧಾನದ ವಾಲ್ವ್ ಇಟ್ಟುಕೊಂಡು 5 ಬಾರ್‌ಗೆ ಹೋಗೋದು ತಪ್ಪು ದಾರಿ. ವೇಗವಾಗಿ ತೆರೆಯೋ ವಾಲ್ವ್ ಹುಡುಕಿ, ಒತ್ತಡ ಕೆಳಗೇ ಇರಲಿ.

ಇನ್ನೊಂದು: ಹಿಡಿಕೆ ಎಳೆಯೋ ಜರ್ಕಿಗೆ ಸ್ಟ್ಯಾಂಡ್ ವಾಲುತ್ತೆ, ರಾಕೆಟ್ ನೀವು ಅಂದುಕೊಂಡ ಕಡೆ ಹೋಗೋದಿಲ್ಲ. ಎಳೆಯೋರ ಮುಖವೂ ಪೈಪಿನ ಪಕ್ಕದಲ್ಲೇ ಇರುತ್ತೆ.

ಡ್ರಿಪ್ ಚಿಂತಾಮಣಿ

ಟೀಚರಮ್ಮಾ, ನಾನು ಟೊಮೆಟೊ, ಹಿಪ್ಪುನೇರಳೆ ತೋಟಗಳಿಗೆ ಡ್ರಿಪ್ ಹಾಕ್ಕೊಡೋನು. ನಿಮಗೆ ಬೇಕಾಗಿರೋದು ಒಂದು ಇಂಚಿನ ಸಾಲೆನಾಯ್ಡ್ ವಾಲ್ವ್, ಅಂದ್ರೆ ಕರೆಂಟ್ ಕೊಟ್ರೆ ತೆರೆಯೋ ವಾಲ್ವ್. ನಮ್ಮ ಕಡೆ ಆಟೊಮೇಷನ್ ಹಾಕಿಸಿರೋ ತೋಟದಲ್ಲಿ ಪ್ರತಿ ಸಬ್‌ಮೇನಿಗೂ ಒಂದೊಂದು ಇರುತ್ತೆ, ಡ್ರಿಪ್ ಅಂಗಡಿಯಲ್ಲಿ ಕೇಳಿದ್ರೆ ಸಿಗುತ್ತೆ. ಗಾಳಿ ಲಾಂಚರಿಗೆ ಇದನ್ನ ಹಾಕೋದು ಹೊಸದೇನಲ್ಲ, ಹೊರದೇಶದಲ್ಲಿ ಹುಲ್ಲುಹಾಸಿಗೆ ನೀರು ಬಿಡೋ ಇದೇ ವಾಲ್ವನ್ನ ಕಾಗದದ ರಾಕೆಟ್ಟಿಗೆ ಬಳಸ್ತಾರೆ.

ಒಳಗೆ ಏನಿದೆ ಅಂದ್ರೆ ಒಂದು ರಬ್ಬರ್ ಡಯಾಫ್ರಂ (ಪೊರೆ). ಅದರಲ್ಲಿ ಒಂದು ಸಣ್ಣ ತೂತು. ಆ ತೂತಿನಿಂದ ನೀರು (ನಿಮ್ಮಲ್ಲಿ ಗಾಳಿ) ಮೇಲಿನ ಕೋಣೆಗೂ ಹೋಗಿ ತುಂಬುತ್ತೆ. ಮೇಲೂ ಕೆಳಗೂ ಒತ್ತಡ ಒಂದೇ, ಆದ್ರೆ ಮೇಲ್ಗಡೆ ಒತ್ತೋ ಜಾಗ ದೊಡ್ಡದು, ಸ್ಪ್ರಿಂಗ್ ಬೇರೆ ಇದೆ, ಅದಕ್ಕೆ ಮುಚ್ಕೊಂಡಿರುತ್ತೆ. ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಒಂದು ಚಿಕ್ಕ ಕಡ್ಡಿ ಮೇಲೆದ್ದು ಮೇಲಿನ ಕೋಣೆಯ ಗಾಳಿಯನ್ನ ಆಚೆ ಬಿಡುತ್ತೆ. ಮೇಲೆ ಒತ್ತಡ ಬಿದ್ದ ತಕ್ಷಣ ಕೆಳಗಿನ ಗಾಳಿಯೇ ಡಯಾಫ್ರಂ ಎತ್ತಿಬಿಡುತ್ತೆ. ನೀರಲ್ಲಿ ಇದು ನಿಧಾನ, ಗಾಳಿಯಲ್ಲಿ ಟಪ್ ಅಂತ ತೆರೆಯುತ್ತೆ, ಯಾಕಂದ್ರೆ ಮೇಲಿನ ಕೋಣೆ ಖಾಲಿಯಾಗೋಕೆ ಗಾಳಿಗೆ ಹೊತ್ತು ಬೇಕಾಗಲ್ಲ.

ಪಾಲಿಟೆಕ್ನಿಕ್ ತುಮಕೂರು

ಅಣ್ಣ ಬಹಳ ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಮೇಡಂ, ಎಂಜಿನಿಯರ್‌ಗಳ ದಿನಕ್ಕೆ ಇದಕ್ಕಿಂತ ಹೊಂದೋ ವಾಲ್ವ್ ಇಲ್ಲ. ಮುದ್ದೇನಹಳ್ಳಿ ನಿಮ್ಮ ಜಿಲ್ಲೆಯದೇ. ವಿಶ್ವೇಶ್ವರಯ್ಯನವರು ಪೇಟೆಂಟ್ ಪಡೆದ ಸ್ವಯಂಚಾಲಿತ ಗೇಟುಗಳನ್ನ 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ ಮೊದಲು ಹಾಕಿದರು. ನೀರಿನ ಮಟ್ಟ ಏರಿದಾಗ ಆ ನೀರಿನ ಬಲದಿಂದಲೇ ಗೇಟು ತೆರೆದುಕೊಳ್ಳುತ್ತಿತ್ತು, ಮನುಷ್ಯ ನಿಂತು ಎತ್ತಬೇಕಾಗಿರಲಿಲ್ಲ. ಈ ವಾಲ್ವಿನಲ್ಲೂ ಬ್ಯಾಟರಿ ಮಾಡೋದು ಒಂದು ಸೂಜಿತೂತು ತೆರೆಯೋ ಕೆಲಸ ಮಾತ್ರ. ದೊಡ್ಡ ಬಾಗಿಲನ್ನ ಎತ್ತೋದು ಒಳಗೆ ತುಂಬಿರೋ ಗಾಳಿಯೇ. ಎರಡನ್ನೂ ಪಕ್ಕಪಕ್ಕದ ಚಾರ್ಟಿನಲ್ಲಿ ಬರೆಸಿ.

ಶಿಡ್ಲಘಟ್ಟ ಟೀಚರ್

ತುಂಬಾ ಧನ್ಯವಾದ ಸರ್. ಚಾರ್ಟಿನ ವಿಷಯ ಖಂಡಿತ ಮಾಡಿಸ್ತೀನಿ. ಚಿಂತಾಮಣಿ ಅಣ್ಣ, ಅಂಗಡಿಯಲ್ಲಿ ವಾಲ್ವ್ ಮೇಲೆ 24 ವೋಲ್ಟ್ ಎಸಿ ಅಂತ ಬರೆದಿತ್ತು. ಮಕ್ಕಳ ಹತ್ತಿರ ಪ್ಲಗ್ಗಿನ ಕರೆಂಟ್ ತರೋಕೆ ನಂಗೆ ಧೈರ್ಯ ಇಲ್ಲ. ಬ್ಯಾಟರಿಯಲ್ಲಿ ಆಗುತ್ತಾ? ಒಬ್ಬ ಹುಡುಗನ ಅಪ್ಪ ತೋಟದಿಂದ ಬಿಚ್ಚಿಟ್ಟಿರೋ ಹಳೇ ವಾಲ್ವ್ ಕೊಡ್ತೀನಿ ಅಂದಿದ್ದಾರೆ, ಅದು ನಡೆಯುತ್ತಾ?

ಡ್ರಿಪ್ ಚಿಂತಾಮಣಿ

ಬ್ಯಾಟರಿಯಲ್ಲೇ ಆಗುತ್ತಮ್ಮ. 9 ವೋಲ್ಟಿನ ಚೌಕ ಬ್ಯಾಟರಿ ಎರಡು ಸರಣಿಯಲ್ಲಿ ಹಾಕಿ, 18 ವೋಲ್ಟ್ ಬರುತ್ತೆ. 24 ಬೇಕಿತ್ತಲ್ಲ ಅನ್ಬೇಡಿ. ಎಸಿಯಲ್ಲಿ ಕಾಯಿಲ್ ಹೆಚ್ಚು ತಡೆ ಒಡ್ಡುತ್ತೆ, ಡಿಸಿಯಲ್ಲಿ ತಂತಿಯ ರೆಸಿಸ್ಟೆನ್ಸ್ ಒಂದೇ ಲೆಕ್ಕ, ಹಾಗಾಗಿ ಕಡಿಮೆ ವೋಲ್ಟಿಗೇ ಕಡ್ಡಿ ಏಳುತ್ತೆ. ಅದೇ ಕಾರಣಕ್ಕೆ ಒತ್ತಿ ಹಿಡ್ಕೊಂಡು ನಿಂತ್ರೆ ಕಾಯಿಲ್ ಬಿಸಿಯಾಗುತ್ತೆ, ಬ್ಯಾಟರಿನೂ ಬೇಗ ಸಾಯುತ್ತೆ. ಬಾಗಿಲಿನ ಬೆಲ್ ಸ್ವಿಚ್ ಹಾಕಿ. ಒತ್ತಿದ್ರೆ ಹೋಗುತ್ತೆ, ಕೈ ತೆಗೆದ್ರೆ ನಿಲ್ಲುತ್ತೆ. ಮನೆಯ ಸಾದಾ ಸ್ವಿಚ್ ಬೇಡ.

ಅಂಗಡಿಯಲ್ಲಿ ‘ಡಿಸಿ ಲ್ಯಾಚಿಂಗ್’ ಅಂತ ಇನ್ನೊಂದು ಜಾತಿ ಕಾಯಿಲ್ ಇರುತ್ತೆ, ಬ್ಯಾಟರಿ ಟೈಮರಿಗೆ ಬರೋದು. ಕೆಂಪು, ಕಪ್ಪು ವೈರ್ ಇರುತ್ತೆ. ಅದಕ್ಕೆ ಒಂದು ಸಲ ಕರೆಂಟ್ ಕೊಟ್ರೆ ತೆರೆದೇ ಉಳಿಯುತ್ತೆ, ಮುಚ್ಚೋಕೆ ಉಲ್ಟಾ ಕರೆಂಟ್ ಕೊಡಬೇಕು. ನಿಮಗೆ ಅದು ಬೇಡ. ‘ಬ್ಯಾಟರಿಗೆ ಬೇಕು’ ಅಂತ ಕೇಳಿದ್ರೆ ಅಂಗಡಿಯವರು ಅದನ್ನೇ ಕೊಡ್ತಾರೆ, ಹುಷಾರು. 24 ವೋಲ್ಟ್ ಎಸಿಯದ್ದೇ ಕೇಳಿ ತಗೊಳ್ಳಿ.

ಜೋಡಿಸೋವಾಗ ಬಾಡಿ ಮೇಲಿನ ಬಾಣದ ಗುರುತು ನೋಡಿ. ಬಾಣದ ಬಾಲ ಟ್ಯಾಂಕ್ ಕಡೆ, ತಲೆ ರಾಕೆಟ್ ಕಡೆ. ತಿರುಗಾಮುರುಗಾ ಹಾಕಿದ್ರೆ ಗಾಳಿ ನಿಲ್ಲೋದೇ ಇಲ್ಲ. ಕೆಲವು ಮಾಡೆಲ್‌ಗಳ ಮೇಲೆ ಫ್ಲೋ ಕಂಟ್ರೋಲ್ ತಿರುಪು ಇರುತ್ತೆ, ಅದನ್ನ ಪೂರ್ತಿ ಮೇಲಕ್ಕೆ ಬಿಚ್ಚಿಡಿ. ಅದು ಕೆಳಗಿದ್ರೆ ಡಯಾಫ್ರಂ ಅರ್ಧಕ್ಕೇ ನಿಲ್ಲುತ್ತೆ.

ಹಳೇ ವಾಲ್ವ್ ವಿಷಯ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ಗಡಸು. ಲ್ಯಾಟರಲ್ ಪೈಪುಗಳಲ್ಲಿ ಬಿಳಿ ಉಪ್ಪು ಕಟ್ಟೋದು ನೀವೂ ನೋಡಿರ್ತೀರಿ. ಅದೇ ಉಪ್ಪು ಡಯಾಫ್ರಮ್ಮಿನ ಸಣ್ಣ ತೂತಲ್ಲೂ ಕಡ್ಡಿ ಕೂರೋ ಜಾಗದಲ್ಲೂ ಕಟ್ಟಿರುತ್ತೆ. ಮೇಲಿನ ಸ್ಕ್ರೂ ಬಿಚ್ಚಿ, ಡಯಾಫ್ರಂ ತೆಗೆದು ನೀರಲ್ಲಿ ತೊಳೀರಿ, ಪ್ಲಾಸ್ಟಿಕ್ ಭಾಗಗಳನ್ನ ವಿನೆಗರಲ್ಲಿ ನೆನೆಹಾಕಿ. ರಬ್ಬರ್ ಬಿರುಕು ಬಿಟ್ಟಿದ್ರೆ ಅಥವಾ ಬಾಡಿ ಬಿಸಿಲಿಗೆ ಬೆಳ್ಳಗಾಗಿದ್ರೆ ಆ ವಾಲ್ವ್ ಬೇಡವೇ ಬೇಡ. ಪ್ಲಾಸ್ಟಿಕ್ ಬಿಸಿಲುಂಡು ಬಲ ಕಳ್ಕೊಂಡಿರುತ್ತೆ. ಒಂದು ಮಾತು ಹೇಳ್ತೀನಿ, ಮಕ್ಕಳ ಕೆಲಸ, ಹೊಸದೇ ತಗೊಳ್ಳಿ.

ಕೆಜಿಎಫ್ ಫಿಟ್ಟರ್

ಎಲ್ಲರೂ ವಾಲ್ವ್ ಮಾತಾಡ್ತಿದ್ದೀರಿ, ಮೇಲೆ ಮಾಲೂರಿನವರು ಹೇಳಿದ ಪಿವಿಸಿ ಟ್ಯಾಂಕ್ ಬಗ್ಗೆ ಯಾರೂ ಮಾತೆತ್ತಿಲ್ಲ. ಅದು ಬೇಡ ಮೇಡಂ. ದಯವಿಟ್ಟು ಬೇಡ.

ನಮ್ಮ ತಾತ ಚಿನ್ನದ ಗಣಿಯಲ್ಲಿ ಪೈಪ್ ಫಿಟ್ಟರ್ ಆಗಿದ್ದವರು. ಕೆಜಿಎಫ್ ಗಣಿಯಲ್ಲಿ ಬಂಡೆ ಕೊರೆಯೋ ಡ್ರಿಲ್ ಎಲ್ಲಾ ಗಾಳಿ ಒತ್ತಡದಲ್ಲೇ ನಡೀತಿದ್ದವು, ಮೇಲೆ ಕಂಪ್ರೆಸರ್, ಅಲ್ಲಿಂದ ಶಾಫ್ಟ್ ಒಳಗೆ ಕಬ್ಬಿಣದ ಪೈಪ್. ನೀರಿನ ಲೈನಿಗೂ ಗಾಳಿ ಲೈನಿಗೂ ಇರೋ ವ್ಯತ್ಯಾಸ ಅವರು ಹೇಳಿಕೊಟ್ಟಿದ್ದು ನಂಗೆ ಈಗಲೂ ಕೆಲಸಕ್ಕೆ ಬರುತ್ತೆ. ನೀರನ್ನ ಎಷ್ಟು ಹಿಂಡಿದರೂ ಅದರ ಗಾತ್ರ ಕುಗ್ಗೋದು ತೀರಾ ಅತ್ಯಲ್ಪ. ಪೈಪ್ ಬಿರಿದ್ರೆ ನಾಲ್ಕು ಹನಿ ಚಿಮ್ಮಿ ಒತ್ತಡ ಸತ್ತುಹೋಗುತ್ತೆ. ಗಾಳಿ ಹಿಂಡಿದಷ್ಟೂ ಕುಗ್ಗಿ ಶಕ್ತಿ ತುಂಬ್ಕೊಂಡು ಕೂತಿರುತ್ತೆ. ಪೈಪ್ ಬಿರಿದ್ರೆ ಅಷ್ಟೂ ಶಕ್ತಿ ಒಂದೇ ಏಟಿಗೆ ಆಚೆ ಬರುತ್ತೆ. ಪಿವಿಸಿ ಆಗ ಗಾಜಿನ ಹಾಗೆ ಚೂರುಚೂರಾಗಿ ಎಗರುತ್ತೆ. ಆ ಚೂರು ಕಣ್ಣಿಗೆ, ಕತ್ತಿಗೆ ಹೊಕ್ಕಿದ್ರೆ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣದೇ ಇರಬಹುದು.

ಮಾಲೂರು ಪ್ಲಂಬಿಂಗ್

ಅಣ್ಣ, ಪೈಪ್ ಮೇಲೆ 10 ಕೆಜಿ ಅಂತ ಪ್ರಿಂಟ್ ಇರುತ್ತಲ್ಲ, ಅಂದ್ರೆ ಚದರ ಸೆಂ.ಮೀ.ಗೆ 10 ಕೆಜಿ, ಹೆಚ್ಚುಕಮ್ಮಿ 10 ಬಾರ್. ಮೇಡಂ ಕೇಳ್ತಿರೋದು 2 ಕೆಜಿ ಒತ್ತಡ. ಐದು ಪಟ್ಟು ಬಲ ಇದೆಯಲ್ಲ?

ಕೆಜಿಎಫ್ ಫಿಟ್ಟರ್

ಆ 10 ಕೆಜಿ ನೀರಿಗೆ ಕೊಟ್ಟ ಲೆಕ್ಕ ತಮ್ಮ. ಐಎಸ್ 4985 ಅಂತ ಪೈಪ್ ಮೇಲೆ ಬರೆದಿರುತ್ತೆ ನೋಡು, ಅದು ಕುಡಿಯೋ ನೀರಿನ ಪೈಪಿನ ಮಾನಕ. ಒತ್ತಡದ ಲೆಕ್ಕ 27 ಡಿಗ್ರಿ ಶಾಖಕ್ಕೆ ಹೇಳಿರೋದು. ಏಪ್ರಿಲ್ ಬಿಸಿಲಲ್ಲಿ ಮೈದಾನದಲ್ಲಿಟ್ಟ ಪೈಪ್ ಮುಟ್ಟಿ ನೋಡು, ಎಷ್ಟಿರುತ್ತೆ ಅಂತ. ಸಾಲ್ವೆಂಟ್ ಹಾಕಿದ ಜಾಯಿಂಟ್ ಸರಿಯಾಗಿ ಕೂತಿದ್ಯೋ ಇಲ್ವೋ ಹೊರಗಿಂದ ಕಾಣಲ್ಲ. ಒಂದು ಸಲ ಕೆಳಗೆ ಬಿದ್ದು ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ರೂ ಕಾಣಲ್ಲ. ಒಡೆಯೋ ಮುಂಚೆ ಪಿವಿಸಿ ಉಬ್ಬಲ್ಲ, ಸೋರಲ್ಲ, ಯಾವ ಸೂಚನೆನೂ ಕೊಡಲ್ಲ. ನಂಗೆ ಭಯ ಇರೋದು ಅದಕ್ಕೇ.

ಮೇಡಂ, ಎರಡು ಇಂಚಿನ ಜಿಐ ಪೈಪ್ ಎರಡು ಅಡಿ ಕತ್ತರಿಸಿ, ಎರಡೂ ಕಡೆ ಥ್ರೆಡ್ ಹಾಕ್ಸಿ. ಜಿಐ ಪೈಪಿನ ಮಾನಕ ಐಎಸ್ 1239, ಕಾರ್ಖಾನೆಯಲ್ಲೇ 50 ಬಾರ್‌ಗೆ ಪರೀಕ್ಷೆ ಆಗಿ ಬರುತ್ತೆ. ಒಂದು ಕಡೆ ಕ್ಯಾಪ್. ಇನ್ನೊಂದು ಕಡೆ ರೆಡ್ಯೂಸರ್ ಹಾಕಿ ಒಂದು ಇಂಚಿಗೆ ಇಳಿಸಿ ನಿಮ್ಮ ವಾಲ್ವ್. ಕ್ಯಾಪಿಗೆ ತೂತು ಹೊಡೆಸಿ ಥ್ರೆಡ್ ಮಾಡಿಸಿ, ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಪ್ರೆಷರ್ ಗೇಜು ಮತ್ತು ಕಂಪ್ರೆಸರಿಗೆ ಬರೋ ಸೇಫ್ಟಿ ವಾಲ್ವ್ ಕೂರಿಸಿ, 3 ಬಾರ್‌ಗೆ ಸೆಟ್ ಮಾಡಿರೋದು. ಲೇತ್ ಅಂಗಡಿಯಲ್ಲಿ ಇದೆಲ್ಲ ಸುಲಭವಾಗಿ ಮಾಡ್ಕೊಡ್ತಾರೆ. ಹಳೇ ಗ್ಯಾಸ್ ಸಿಲಿಂಡರ್, ತುಕ್ಕು ಹಿಡಿದ ಕಂಪ್ರೆಸರ್ ಟ್ಯಾಂಕ್ ಯಾರಾದ್ರೂ ಪುಕ್ಕಟೆ ಕೊಡ್ತೀನಿ ಅಂದ್ರೂ ಮುಟ್ಬೇಡಿ.

ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಗಾಳಿ ತುಂಬಬೇಡಿ. ಸೇಫ್ಟಿ ವಾಲ್ವ್ ಜಾಗಕ್ಕೆ ಪ್ಲಗ್ ಹಾಕಿ, ಒಳಗೆ ಒಂದು ಗುಳ್ಳೆಯೂ ಉಳಿಯದ ಹಾಗೆ ನೀರು ತುಂಬಿ, ಪೈಪ್ ಪರೀಕ್ಷೆ ಮಾಡೋ ಕೈಪಂಪಿನಲ್ಲಿ 6 ಬಾರ್‌ವರೆಗೆ ಏರಿಸಿ ಹತ್ತು ನಿಮಿಷ ಬಿಡಿ. ಮುಳ್ಳು ಇಳೀದೆ ನಿಂತ್ರೆ ನೀರು ಚೆಲ್ಲಿ, ಒಣಗಿಸಿ, ಸೇಫ್ಟಿ ವಾಲ್ವ್ ಮತ್ತೆ ಹಾಕಿ. ಆಮೇಲೆ ಗಾಳಿ.

ಮಾಲೂರು ಪ್ಲಂಬಿಂಗ್

ಸರಿ ಅಣ್ಣ, ಒಪ್ಪಿದೆ. ಪಿವಿಸಿ ಮಾತು ವಾಪಸ್. ಮೇಡಂ, ಆ ಟೆಸ್ಟ್ ಪಂಪ್ ನನ್ನ ಹತ್ತಿರ ಇದೆ. ನಾಲ್ಕು ದಿನ ಮುಂಚೆ ಹೇಳಿ, ಜಿಐ ಜೋಡಿಸಿ ಟೆಸ್ಟ್ ಮಾಡಿ ತಂದುಕೊಡ್ತೀನಿ. ದುಡ್ಡು ಬೇಡ, ಮಕ್ಕಳ ಕೆಲಸಕ್ಕೆ.

ಪಿಯುಸಿ ಹುಡುಗ ಕೋಲಾರ

ಸರ್, ವಾಷಿಂಗ್ ಮೆಷಿನ್ ನೀರಿನ ವಾಲ್ವ್ ಗುಜರಿಯಲ್ಲಿ ಕಡಿಮೆಗೆ ಸಿಗುತ್ತೆ. ಆರ್‌ಒ ಫಿಲ್ಟರಿನಲ್ಲೂ ಒಂದು ಸಾಲೆನಾಯ್ಡ್ ಇರುತ್ತೆ. ಅವನ್ನ ಹಾಕಬಹುದಾ?

ಪಾಲಿಟೆಕ್ನಿಕ್ ತುಮಕೂರು

ಒಳ್ಳೇ ಪ್ರಶ್ನೆ ತಮ್ಮ. ವಾಷಿಂಗ್ ಮೆಷಿನ್ನಿನದು ಸಾಮಾನ್ಯವಾಗಿ 230 ವೋಲ್ಟ್ ಕಾಯಿಲ್. ಮೈದಾನದಲ್ಲಿ, ಒದ್ದೆ ನೆಲದ ಮೇಲೆ, ಮಕ್ಕಳ ಕೈಯಲ್ಲಿ 230 ವೋಲ್ಟ್ ಇರಲೇಬಾರದು. ಚರ್ಚೆ ಅಲ್ಲಿಗೇ ಮುಗೀತು. ಜೊತೆಗೆ ಅದರ ಬಾಯಲ್ಲಿ ಹರಿವು ಮಿತಿ ಮಾಡೋ ರಬ್ಬರ್ ಬಿಲ್ಲೆ ಬೇರೆ ಇರುತ್ತೆ.

ಆರ್‌ಒ ವಾಲ್ವಿನ ತೊಂದರೆ ಬೇರೆ, ಅದರ ದಾರಿ ತೀರಾ ಕಿರಿದು. ಒಂದು ಲೆಕ್ಕ ನೀನೇ ಮಾಡಿ ನೋಡು. 6 ಮಿ.ಮೀ. ತೂತಿನ ವಿಸ್ತೀರ್ಣ 0.28 ಚದರ ಸೆಂ.ಮೀ. ಅರ್ಧ ಇಂಚಿನ ಜಿಐ ಪೈಪಿನ ಒಳದಾರಿ ಸುಮಾರು 16 ಮಿ.ಮೀ., ಅಂದ್ರೆ 2 ಚದರ ಸೆಂ.ಮೀ. ಏಳು ಪಟ್ಟು ವ್ಯತ್ಯಾಸ. ಆರ್‌ಒ ವಾಲ್ವಿನ ತೂತು 6 ಮಿ.ಮೀ.ಗಿಂತಲೂ ಸಣ್ಣದು. ಟ್ಯಾಂಕಿಂದ ರಾಕೆಟ್‌ವರೆಗೆ ಗಾಳಿ ಹೋಗೋ ದಾರಿಯಲ್ಲಿ ಅತಿ ಕಿರಿದಾದ ಜಾಗ ಯಾವುದೋ, ಹರಿವು ಅದರ ಹಿಡಿತದಲ್ಲಿರುತ್ತೆ. ವಾಲ್ವ್ ಒಂದು ಇಂಚಿನದು ಇದ್ದರೆ ಕಿರಿದಾದ ಜಾಗ ಲಾಂಚ್ ಪೈಪೇ ಆಗುತ್ತೆ. ಹಾಗೇ ಇರಬೇಕು.

ಟ್ಯಾಂಕಿನ ಅಳತೆಯನ್ನೂ ಇಲ್ಲೇ ಹೇಳಿಬಿಡ್ತೀನಿ. ಕೆಜಿಎಫ್‌ನವರು ಹೇಳಿದ ಎರಡು ಇಂಚು, ಎರಡು ಅಡಿ ಪೈಪಿನಲ್ಲಿ 1.3 ಲೀಟರ್ ಜಾಗ ಇದೆ. ಲಾಂಚ್ ಪೈಪ್ 0.1 ಲೀಟರ್, ರಾಕೆಟ್ ಮೇಲೇರುವಾಗ ಬಿಟ್ಟುಹೋಗೋ ಜಾಗ 0.18 ಲೀಟರ್. ಎರಡೂ ತುಂಬಿದ ಮೇಲೂ 2 ಬಾರ್‌ನಲ್ಲಿ ಸುಮಾರು ಒಂದೂವರೆ ಬಾರ್ ಉಳಿದಿರುತ್ತೆ. ಇದಕ್ಕಿಂತ ದೊಡ್ಡ ಟ್ಯಾಂಕಿನಿಂದ ರಾಕೆಟ್ಟಿಗೆ ಹೆಚ್ಚೇನೂ ಸಿಗೋದಿಲ್ಲ. ಪಂಪ್ ಹೊಡೆಯೋ ಮಕ್ಕಳ ಕೈ ನೋಯುತ್ತೆ, ಒಳಗೆ ಕೂತ ಶಕ್ತಿ ಸುಮ್ಮನೆ ಹೆಚ್ಚಾಗುತ್ತೆ.

ವಸಂತನರಸಾಪುರ ಮೆಂಟೆನೆನ್ಸ್

ಕಾರ್ಖಾನೆಯಲ್ಲಿ ನ್ಯೂಮ್ಯಾಟಿಕ್ ಲೈನ್ ನೋಡ್ಕೊಳ್ಳೋನು ನಾನು. ಕರೆಂಟೇ ಬೇಡದ ಒಂದು ದಾರಿ ಇದೆ: ಕ್ವಿಕ್ ಎಕ್ಸಾಸ್ಟ್ ವಾಲ್ವ್. ಸಿಲಿಂಡರಿನ ಗಾಳಿಯನ್ನ ಬೇಗ ಆಚೆ ಹಾಕೋಕೆ ನಾವು ಬಳಸೋದು, ಲಾರಿ ಬ್ರೇಕಿನ ಕ್ವಿಕ್ ರಿಲೀಸ್ ವಾಲ್ವೂ ಇದೇ ತತ್ವ. ಮೂರು ಬಾಯಿ ಇರುತ್ತೆ. ಒಂದನೇ ಬಾಯಿಗೆ ಪಂಪಿನ ಗಾಳಿ, ಎರಡನೇದಕ್ಕೆ ಟ್ಯಾಂಕ್, ಮೂರನೇದಕ್ಕೆ ಲಾಂಚ್ ಪೈಪ್. ಪಂಪ್ ಹೊಡೆದಾಗ ಒಳಗಿನ ರಬ್ಬರ್ ಮೂರನೇ ಬಾಯಿ ಮುಚ್ಚಿ ಟ್ಯಾಂಕಿಗೆ ದಾರಿ ಬಿಡುತ್ತೆ. ಪಂಪಿನ ಕಡೆಯ ಗಾಳಿಯನ್ನ ಒಂದು ಸಣ್ಣ 3/2 (ಮೂರು ಬಾಯಿ, ಎರಡು ಸ್ಥಿತಿ) ಪುಷ್ ಬಟನ್ ವಾಲ್ವಿನಲ್ಲಿ ಆಚೆ ಬಿಟ್ಟ ತಕ್ಷಣ ರಬ್ಬರ್ ಆ ಕಡೆ ಹಾರಿ, ಟ್ಯಾಂಕಿನ ಗಾಳಿ ಪೂರ್ತಿ ಮೂರನೇ ಬಾಯಿಗೆ ನುಗ್ಗುತ್ತೆ. ಲೋಹದ ಬಾಡಿ, ಗಾಳಿಗೆಂದೇ ಮಾಡಿರೋದು, ಹೆಚ್ಚಿನವು 10 ಬಾರ್‌ವರೆಗೆ. ಪೀಣ್ಯದ ನ್ಯೂಮ್ಯಾಟಿಕ್ ಅಂಗಡಿಗಳಲ್ಲಿ ಅರ್ಧ ಇಂಚಿನದು ಸಿಗುತ್ತೆ.

ನನ್ನ ಕೇಳಿದ್ರೆ ವೇಗದಲ್ಲೂ ಗಟ್ಟಿತನದಲ್ಲೂ ಡ್ರಿಪ್ ವಾಲ್ವಿಗಿಂತ ಇದು ಮೇಲು. ಆದ್ರೆ ದೂರದಿಂದ ಹಾರಿಸಬೇಕು ಅಂದಾಗ ಬಟನ್ನಿಂದ ವಾಲ್ವ್‌ವರೆಗಿನ ಗಾಳಿ ಪೈಪ್ ಉದ್ದ ಆಗುತ್ತೆ. ಆ ಪೈಪಿನ ಗಾಳಿ ಖಾಲಿಯಾಗೋ ತನಕ ರಬ್ಬರ್ ಅಲ್ಲಾಡಲ್ಲ, ಅಲ್ಲಾಡಿದ್ರೂ ಅಳುಕಿ ಅಳುಕಿ ತೆರೆಯುತ್ತೆ. ಒಂದೆರಡು ಮೀಟರ್ ಆದ್ರೆ ಪರವಾಗಿಲ್ಲ. ಐದು ಮೀಟರಿಗೆ ವೈರೇ ಒಳ್ಳೇದು, ವೈರಿನಲ್ಲಿ ದೂರದ ಲೆಕ್ಕ ಇಲ್ಲ.

ಪಾವಗಡ ಶೇಂಗಾ

ನಮಸ್ಕಾರ. ನಮ್ಮ ಹೊಲಕ್ಕೆ ರಾತ್ರಿ ಕಾಡುಹಂದಿ ಕಾಟ. ಇದೇ ಲಾಂಚರಿನಲ್ಲಿ ಒತ್ತಡ ಜಾಸ್ತಿ ಮಾಡಿ ಆಲೂಗಡ್ಡೆನೋ ಕಲ್ಲೋ ಹಾಕಿ ಹೊಡೆದ್ರೆ ಓಡಿಸಬಹುದಲ್ವಾ? ಯಾವ ವಾಲ್ವ್ ಬೇಕಾಗುತ್ತೆ?

ಕೆಜಿಎಫ್ ಫಿಟ್ಟರ್

ಅಣ್ಣ, ನಿಮ್ಮ ಕಷ್ಟ ನಿಜ. ಒಂದು ರಾತ್ರಿಗೆ ಶೇಂಗಾ ಸಾಲು ಸಾಲೇ ಅಗೆದು ಹಾಕ್ತವೆ. ಆದ್ರೆ ಇದು ಅದಕ್ಕಲ್ಲ. ಇಲ್ಲಿ ಎಲ್ಲವೂ ಕಾಗದದ 15 ಗ್ರಾಮಿನ ಲೆಕ್ಕದಲ್ಲಿ ಕೂತಿದೆ, ಮೂತಿ ಕೂಡ ಮೆತ್ತಗಿನ ಕಾಗದ. ಗಟ್ಟಿ ವಸ್ತು ಹಾಕಿದ ಕೂಡಲೇ ಅದು ಆಯುಧ. ಕತ್ತಲಲ್ಲಿ ಪಕ್ಕದ ಹೊಲ ಕಾಯೋರಿಗೆ ತಗುಲಿದ್ರೆ? 2025ರ ದೀಪಾವಳಿಯಲ್ಲಿ ಭೋಪಾಲ್ ಕಡೆ ಪೈಪಿನಲ್ಲಿ ಮಾಡಿದ ಕಾರ್ಬೈಡ್ ಗನ್ನಿಂದ ಎಷ್ಟೋ ಮಕ್ಕಳ ಕಣ್ಣು ಹಾಳಾಯ್ತು, ಪೇಪರಲ್ಲಿ ಓದಿರ್ತೀರಿ. ಅದಕ್ಕೆ ವಾಲ್ವ್ ನಾನು ಹೇಳಲ್ಲ, ಇಲ್ಲಿ ಯಾರೂ ಹೇಳಬಾರದು. ಸೋಲಾರ್ ಬೇಲಿ ಬಗ್ಗೆ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಪಾವಗಡ ಶೇಂಗಾ

ಕಾಯೋರ ವಿಷಯ ಹೊಳೆದಿರಲಿಲ್ಲ. ನಮ್ಮಣ್ಣನೇ ಪಕ್ಕದ ಹೊಲದಲ್ಲಿ ಮಲಗೋದು. ಬೇಲಿ ವಿಷಯ ಕೇಳ್ತೀನಿ.

ಗುಬ್ಬಿ ಮೇಷ್ಟ್ರು

ಪ್ರಾಥಮಿಕ ಶಾಲೆಯವರು ಯಾರಾದ್ರೂ ಓದ್ತಿದ್ರೆ ಅವರಿಗೆ ಒಂದು ಮಾತು. ಚಿಕ್ಕ ಮಕ್ಕಳಿಗೆ ವಾಲ್ವೂ ಬೇಡ, ಟ್ಯಾಂಕೂ ಬೇಡ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಯ ಬಾಯಿಗೆ ಹಳೇ ಸೈಕಲ್ ಟ್ಯೂಬ್ ತುಂಡು ಕಟ್ಟಿ, ಅದರ ಇನ್ನೊಂದು ತುದಿ ಪೈಪಿಗೆ. ಪೈಪಿನ ಮೇಲೆ ರಾಕೆಟ್. ಮಗು ಬಾಟಲಿ ಮೇಲೆ ದಬಕ್ ಅಂತ ಹಾರಿದ್ರೆ ರಾಕೆಟ್ ಹಾರುತ್ತೆ. ಒತ್ತಡ ಕೂಡಿಟ್ಟುಕೊಳ್ಳೋದೇ ಇಲ್ಲವಾದ್ದರಿಂದ ಒಡೆಯೋ ಭಯ ಇಲ್ಲ. ಬಾಟಲಿಗೆ ಮತ್ತೆ ಗಾಳಿ ಊದಿ ಉಬ್ಬಿಸಿದ್ರೆ ಮುಂದಿನ ಮಗುವಿನ ಸರದಿ.

ಶಿಡ್ಲಘಟ್ಟ ಟೀಚರ್

ಮೇಷ್ಟ್ರೇ, ಇದನ್ನ ನಮ್ಮ ಪಕ್ಕದ ಪ್ರಾಥಮಿಕ ಶಾಲೆಯವರಿಗೆ ಹೇಳ್ತೀನಿ, ಅವತ್ತು ಅವರ ಮಕ್ಕಳೂ ಬರ್ತಾರೆ.

ನಮ್ಮ ತೀರ್ಮಾನ ಹೀಗಿದೆ. ಹೊಸ ಒಂದು ಇಂಚಿನ ಡ್ರಿಪ್ ಸಾಲೆನಾಯ್ಡ್, 24 ವೋಲ್ಟ್ ಎಸಿ ಕಾಯಿಲ್, ಎರಡು 9 ವೋಲ್ಟ್ ಬ್ಯಾಟರಿ, ಐದು ಮೀಟರ್ ವೈರ್, ಬೆಲ್ ಸ್ವಿಚ್. ಜಿಐ ಟ್ಯಾಂಕ್, ಮಾಲೂರಿನವರ ಟೆಸ್ಟ್ ಆದ ಮೇಲೆಯೇ ಗಾಳಿ. ಪಂಪಿನ ಹೋಸ್ ಕೂಡ ಉದ್ದದ್ದೇ ಹಾಕ್ತೀವಿ, ಪಂಪ್ ಹೊಡೆಯೋ ಮಗುವೂ ದೂರವೇ ಇರಲಿ. ಎರಡು ಅನುಮಾನ ಉಳಿದಿವೆ. ಒಂದು, ಬಟನ್ ಒತ್ತಿದರೂ ಹಾರದೆ ಹೋದರೆ ಗಾಳಿ ತುಂಬಿದ ಟ್ಯಾಂಕಿನ ಹತ್ತಿರ ಯಾರು ಹೋಗೋದು, ಹೇಗೆ ಖಾಲಿ ಮಾಡೋದು? ಎರಡು, ಅಂಗಡಿಯವರು ವಾಲ್ವಿನ ಥ್ರೆಡ್ ಬಿಎಸ್‌ಪಿನೋ ಎನ್‌ಪಿಟಿನೋ ಅಂತ ಕೇಳಿದ್ರು, ನಂಗೆ ಅರ್ಥ ಆಗ್ಲಿಲ್ಲ.

ಕೆಜಿಎಫ್ ಫಿಟ್ಟರ್

ಮೊದಲನೇದಕ್ಕೆ: ನೀವು ಬೇಡ ಅಂದ ಬಾಲ್ ವಾಲ್ವ್ ಇಲ್ಲಿ ಕೆಲಸಕ್ಕೆ ಬರುತ್ತೆ. ಕಾಲು ಇಂಚಿನದೊಂದು ಪಂಪಿನ ಹೋಸಿಗೆ, ಪಂಪ್ ಇರೋ ಕಡೆಯ ತುದಿಯಲ್ಲಿ ಟೀ ಹಾಕಿ ಕೂರಿಸಿ. ಹಾರದಿದ್ರೆ ದೂರದಿಂದಲೇ ಅದನ್ನ ತೆರೆದು ಗಾಳಿ ಬಿಡಿ. ಹಾಗಾಗಬೇಕಾದ್ರೆ ಟ್ಯಾಂಕಿನ ಕಡೆ ಹೋಸ್ ಕೂರೋ ಜಾಗದಲ್ಲಿ ಸೈಕಲ್ ಟ್ಯೂಬಿನ ವಾಲ್ವ್ ಕೋರ್ ಇರಬಾರದು, ಇದ್ರೆ ಗಾಳಿ ವಾಪಸ್ ಬರಲ್ಲ. ಗೇಜಿನ ಮುಳ್ಳು ಸೊನ್ನೆಗೆ ಬರೋ ತನಕ ಯಾರೂ ಹತ್ತಿರ ಹೋಗಬಾರದು, ನೀವೂ ಸೇರಿ. ಎಲ್ಲರಿಗೂ ಕನ್ನಡಕ ಇರಲಿ, ವೆಲ್ಡಿಂಗ್ ಅಂಗಡಿಯವರ ಬಿಳಿ ಗ್ಲಾಸಿನದು ಸಾಕು.

ಡ್ರಿಪ್ ಚಿಂತಾಮಣಿ

ಎರಡನೇದು ನಾನು ಹೇಳ್ತೀನಮ್ಮ. ಬಿಎಸ್‌ಪಿ, ಎನ್‌ಪಿಟಿ ಅಂದ್ರೆ ಪೈಪ್ ಥ್ರೆಡ್ಡಿನ ಎರಡು ಬೇರೆ ಬೇರೆ ಅಳತೆ. ನಮ್ಮಲ್ಲಿ ಜಿಐ ಫಿಟ್ಟಿಂಗ್ ಎಲ್ಲಾ ಬಿಎಸ್‌ಪಿ. ಹೊರಗಿಂದ ಬರೋ ಕೆಲವು ವಾಲ್ವ್ ಎನ್‌ಪಿಟಿ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಹಲ್ಲು, ಹೇಗೋ ಕೂತಂಗೆ ಕಾಣುತ್ತೆ. ಒಂದು ಇಂಚಿನಲ್ಲಿ ಬಿಎಸ್‌ಪಿಗೆ 11, ಎನ್‌ಪಿಟಿಗೆ ಹನ್ನೊಂದೂವರೆ. ಎರಡು ಮೂರು ಸುತ್ತು ಹೋಗಿ ಬಿಗೀತು ಅನ್ಸುತ್ತೆ, ಇನ್ನೂ ತಿರುಗಿಸಿದ್ರೆ ಪ್ಲಾಸ್ಟಿಕ್ ಬಾಡಿ ಸೀಳುತ್ತೆ. ಟೆಫ್ಲಾನ್ ಟೇಪ್ ಎಷ್ಟು ಸುತ್ತಿದ್ರೂ ಅದು ಸರಿಹೋಗಲ್ಲ. ಬಿಎಸ್‌ಪಿನೇ ಕೇಳಿ. ಅಂಗಡಿಗೆ ಹೋಗೋವಾಗ ಒಂದು ಇಂಚಿನ ಜಿಐ ನಿಪ್ಪಲ್ (ಎರಡೂ ಕಡೆ ಥ್ರೆಡ್ ಇರೋ ಪೈಪ್ ತುಂಡು) ಕೈಯಲ್ಲಿ ಹಿಡ್ಕೊಂಡು ಹೋಗಿ, ಅಲ್ಲೇ ತಿರುಗಿಸಿ ನೋಡಿ. ಕೈಯಲ್ಲೇ ನಾಲ್ಕು ಸುತ್ತು ಸಲೀಸಾಗಿ ಹೋದ್ರೆ ತಗೊಳ್ಳಿ. ಬಿಗಿ ಮಾಡೋವಾಗ ಕೈಬಿಗಿಯ ಮೇಲೆ ಒಂದು ಸುತ್ತು ಸಾಕು.

ಇನ್ನೊಂದು ಮರೆತಿದ್ದೆ. ಈ ವಾಲ್ವಿಗೆ ಕನಿಷ್ಠ ಒತ್ತಡ ಬೇಕು, 1 ಬಾರ್‌ಗಿಂತ ಕಡಿಮೆ ಇದ್ರೆ ಡಯಾಫ್ರಂ ಸರಿಯಾಗಿ ಏಳಲ್ಲ. ಮಕ್ಕಳು ಅರ್ಧ ಬಾರಲ್ಲಿ ಹಾರಿಸಿ ನೋಡಿ ವಾಲ್ವ್ ಕೆಟ್ಟಿದೆ ಅಂದ್ಕೊಳ್ಳೋದು ಬೇಡ. ಮೊದಲ ಹಾರಾಟ ಒಂದೂವರೆ ಬಾರಿಂದ ಶುರು ಮಾಡಿ.

ಶಿಡ್ಲಘಟ್ಟ ಟೀಚರ್

ಈ ಶನಿವಾರ ಚಿಂತಾಮಣಿಗೆ ಬರ್ತೀನಿ ಅಣ್ಣ, ನಿಪ್ಪಲ್ ಹಿಡ್ಕೊಂಡೇ. ಲಾಂಚ್ ಪೈಪ್ ಅರ್ಧ ಮೀಟರ್, ಮುಕ್ಕಾಲು ಮೀಟರ್, ಒಂದು ಮೀಟರ್ ಮೂರನ್ನೂ ಕತ್ತರಿಸಿಟ್ಟುಕೊಂಡು ಯಾವುದರಲ್ಲಿ ಎತ್ತರ ಹೆಚ್ಚು ಅಂತ ಮಕ್ಕಳೇ ಅಳೆಯಲಿ ಅಂತ ಯೋಚನೆ. ಪಾಲಿಟೆಕ್ನಿಕ್ ಸರ್, 2 ಬಾರ್‌ನಲ್ಲಿ ಉದ್ದದ ಪೈಪಿಗೆ 1.3 ಲೀಟರ್ ಟ್ಯಾಂಕ್ ಸಾಕಾಗುತ್ತಾ?

ಪಾಲಿಟೆಕ್ನಿಕ್ ತುಮಕೂರು

ಸಾಕು ಮೇಡಂ. ಒಂದು ಮೀಟರ್ ಪೈಪಿಗೆ ಪೈಪಿನ ಜಾಗ 0.2, ರಾಕೆಟ್ಟಿನದು 0.36, ಒಟ್ಟು 0.56 ಲೀಟರ್. ಕೊನೆಯಲ್ಲಿ 1.1 ಬಾರ್ ಹತ್ತಿರ ಉಳಿಯುತ್ತೆ, ತಳ್ಳೋ ಬಲ ಇನ್ನೂ ಇರುತ್ತೆ. ಆದರೆ ಅಷ್ಟು ಉದ್ದದ ಪೈಪಿಗೆ ಕಾಗದದ ರಾಕೆಟ್ಟೂ ಅಷ್ಟೇ ಉದ್ದ ಬೇಕು, ಆಗ ತೂಕ ಏರುತ್ತೆ. ಯಾವ ಉದ್ದಕ್ಕೆ ಲಾಭ ನಿಲ್ಲುತ್ತೆ ಅನ್ನೋದನ್ನ ಮಕ್ಕಳು ಅಳೆದು ಇಲ್ಲಿ ಬರೆಯಲಿ. ನಮ್ಮ ವಿದ್ಯಾರ್ಥಿಗಳಿಗೂ ಆ ಅಂಕಿಗಳು ಬೇಕು.